ಹುಲ್ಲೆಯ ನಾಲಿಗೆ

ಯುಗಾದಿಯ ಮಾರನೆಯ ದಿನ ನಮ್ಮ ಸೀಮೆಯಲ್ಲಿ ಹೊಸತೊಡಕು. ಹಬ್ಬದ ದಿನ ಬೇವುಬೆಲ್ಲ ತಿಂದು, ಒಬ್ಬಟ್ಟು ಸವಿದು ಸಾಧುವಾಗಿ ಕುಳಿತ ಮನೆಗಳು ಮಾರನೆಯ ಬೆಳಗಿನ ಜಾವಕ್ಕೇ ಎದ್ದು ಗುಡ್ಡೆ ಬಾಡಿನ ಪಾಲು ತರಲು ಹೊರಡುತ್ತವೆ. ಈಚೆಗೆ ಒಂದು ಹೊಸತೊಡಕಿನಲ್ಲಿ ನಮ್ಮ ಯಜಮಾನರು ಪಾಲಿನ ಜೊತೆಗೆ ಒಂದು ಮೇಕೆಯ ತಲೆಯನ್ನೂ ತಂದಿಟ್ಟರು. ನನ್ನ ಸೊಸೆ ಪಟ್ಟಣದಲ್ಲಿ ಬೆಳೆದವಳು. ಕೋಳಿ, ಮೀನು ಎಲ್ಲವನ್ನೂ ಚೆನ್ನಾಗಿಯೇ ಮಾಡುತ್ತಾಳೆ. ಆದರೆ ತಲೆಯ ಪಾತ್ರೆಯೊಳಗೆ ಇಣುಕಿದವಳು ಎರಡು ಹೆಜ್ಜೆ ಹಿಂದೆ ಸರಿದು, "ಅತ್ತೆ, ಈ ನಾಲಿಗೆಯನ್ನು ಏನು ಮಾಡೋದು? ಬಿಸಾಕೋದಾ?" ಎಂದು ಕೇಳಿದಳು.

ನಾನು ನಕ್ಕು ಸೆರಗು ಸಿಕ್ಕಿಸಿಕೊಂಡೆ. ನಾಲಿಗೆಯನ್ನು ಬಿಡಿಸಿ, ಉಪ್ಪು ಹಾಕಿ ತಿಕ್ಕಿ ತೊಳೆದು, ಕುದಿಯುವ ನೀರಿಗೆ ಇಳಿಬಿಟ್ಟೆ. ಮೇಲಿನ ಒರಟು ಪೊರೆ ಬೆಳ್ಳಗಾದ ಮೇಲೆ ತೆಗೆದು, ಬಿಸಿ ಆರುವುದರೊಳಗೆ ಚಾಕುವಿನ ಬೆನ್ನಿನಿಂದ ಹೆರೆದೆ. ಪೊರೆ ಕಾಲುಚೀಲ ಕಳಚಿದ ಹಾಗೆ ಕಳಚಿ ಬಂತು. "ಎಲ್ಲಿ ಕಲಿತಿರಿ ಅತ್ತೆ?" ಎಂದಳು. ನನ್ನ ಅಜ್ಜಿಯಿಂದ ಎಂದೆ. ಅಜ್ಜಿ ಎಲ್ಲಿ ಕಲಿತಳು ಎಂಬುದನ್ನು ಹೇಳಲಿಲ್ಲ. ಅವಳು ಕಲಿತದ್ದು ಮೇಕೆಯ ನಾಲಿಗೆಯ ಮೇಲಲ್ಲ, ಕಾಡುಮೃಗಗಳ ನಾಲಿಗೆಯ ಮೇಲೆ. ಆ ವಿಷಯವನ್ನು ನಮ್ಮ ಮನೆಯಲ್ಲಿ ಬಹಳ ವರ್ಷ ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. ಇವತ್ತು ಬರೆಯಬೇಕೆನ್ನಿಸಿದೆ.

ನಮ್ಮ ಹಳೆಯ ಮನೆ ಬೋರನಕಣಿವೆಯ ಹತ್ತಿರ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವೆ ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿದ ಜಲಾಶಯ ಅದು. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿದ್ದು. ಮಳೆ ಸರಿಯಾಗಿ ಬಂದ ವರ್ಷ ಅದು ಸಮುದ್ರ, ಬಾರದ ವರ್ಷ ದನ ಮೇಯುವ ಬಯಲು. ತಗ್ಗಿನಲ್ಲಿ ತೆಂಗಿನ ತೋಟಗಳು, ಮೇಲೆ ಬಂದರೆ, ಕಾರೆ, ಜಾಲಿ ಬೆಳೆದ ಕುರುಚಲು ಕಾಡು. ಆಚೆಗೆ ಹೋದರೆ ಹುಳಿಯಾರು, ಬುಕ್ಕಾಪಟ್ಟಣದ ಕಡೆಯ ಕಾವಲುಗಳು. ಮಲೆನಾಡಿನವರು ನೋಡಿದರೆ ಇದನ್ನು ಕಾಡು ಎಂದೇ ಕರೆಯಲಿಕ್ಕಿಲ್ಲ. ಆದರೆ ಮೊಲ, ಹಂದಿ, ಕರಡಿ, ಚಿರತೆ, ನರಿ, ನವಿಲು, ಹುಲ್ಲೆಗಳಿಗೆಲ್ಲ ಅದೇ ಮನೆ.

ಅಜ್ಜಿ ಈ ಮನೆಗೆ ಸೊಸೆಯಾಗಿ ಬಂದ ಕಾಲಕ್ಕೆ ಬೇಟೆ ಎನ್ನುವುದು ಗುಟ್ಟಿನ ಮಾತಾಗಿರಲಿಲ್ಲವಂತೆ. ಸುಗ್ಗಿ ಮುಗಿದು ಯುಗಾದಿ ಹತ್ತಿರವಾದರೆ ಊರ ಗಂಡಸರು ಬಲೆ, ಈಟಿ, ನಾಯಿಗಳನ್ನು ಕಟ್ಟಿಕೊಂಡು ಗುಡ್ಡ ಹತ್ತುವರು. ಕೇಪಿನ ಕೋವಿ ಇದ್ದವನಿಗೆ ಮುಂದಾಳ್ತನ. ಸಿಕ್ಕಿದ್ದನ್ನು ಅರಳಿಕಟ್ಟೆಯ ಹತ್ತಿರ ತಂದು ಪಾಲು ಹಾಕುವರು. ಹೊಡೆದವನಿಗೆ ತಲೆ ಮತ್ತು ಒಂದು ತೊಡೆ, ಪೊದೆ ಬಡಿದವರಿಗೆ ಸಮಪಾಲು, ಓಡಿದ ನಾಯಿಗಳಿಗೂ ಒಂದು ಪಾಲು. ಗಂಡಸಿಲ್ಲದ ಮನೆಗೂ ಒಂದು ಹಿಡಿ ಹೋಗಲೇಬೇಕು. ಇದು ನಮ್ಮ ಊರಿನ ಲೆಕ್ಕ. ಗುಡ್ಡೆ ಬಾಡು ಎಂದು ಇವತ್ತು ನಾವು ಬಾಳೆಲೆಯ ಮೇಲೆ ಪಾಲು ಹಾಕಿಸಿಕೊಳ್ಳುತ್ತೇವಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಅಜ್ಜಿ ಹೇಳುತ್ತಿದ್ದ ಆ ಅರಳಿಕಟ್ಟೆಯ ಪಾಲೇ ನೆನಪಾಗುತ್ತದೆ.

ಬೇಟೆ ಗಂಡಸರದು, ಸರಿ. ಆದರೆ ಬೇಟೆ ಮನೆಗೆ ಬಂದ ಮೇಲೆ ಅದು ಹೆಂಗಸರ ವಿದ್ಯೆ. ಫ್ರಿಜ್ಜು ಇಲ್ಲದ ಕಾಲ. ಈಲಿ, ಗುಂಡಿಗೆ, ಕರುಳು ಆವತ್ತೇ ಒಲೆಗೆ. ತೊಡೆಯ ಮಾಂಸವನ್ನು ಉದ್ದಕ್ಕೆ ಸೀಳಿ, ಉಪ್ಪು ಅರಿಶಿನ ಬಳಿದು, ಸರ ಮಾಡಿ ಒಲೆಯ ಹೊಗೆ ತಾಗುವ ಹಾಗೆ ಕಟ್ಟಿದರೆ ಅದು ಕೊರಬಾಡು. ಮಳೆಗಾಲದವರೆಗೂ ಇರುತ್ತಿತ್ತು. ನಾಲಿಗೆ ಮಾತ್ರ ಎರಡಕ್ಕೂ ಸೇರದ್ದು. ಅದನ್ನು ಕಾಯಿಸಿ ಹೆರೆಯುವ ತಾಳ್ಮೆ ಬೇಕು. ಆ ತಾಳ್ಮೆ ಇದ್ದವಳು ಅಜ್ಜಿ.

ಅವಳ ಕ್ರಮ ಹೀಗಿತ್ತು. ದವಡೆಯ ಕೆಳಗಿನಿಂದ ಬುಡಸಮೇತ ನಾಲಿಗೆಯನ್ನು ಬಿಡಿಸಬೇಕು. ಕಾಡುಹಂದಿಯದಾದರೆ ಮೊದಲು ನಾಲಿಗೆಯ ಅಡಿಯಲ್ಲಿ ಹೆಬ್ಬೆರಳು ಆಡಿಸಿ ನೋಡಬೇಕು. ಅಕ್ಕಿಕಾಳಿನಂಥ ಗಂಟುಗಳು ಸಿಕ್ಕಿದರೆ ನಾಲಿಗೆಯನ್ನು ಮಾತ್ರವಲ್ಲ, ಇಡೀ ಹಂದಿಯನ್ನೇ ಹೂಳಬೇಕು. ಚೆನ್ನಾಗಿದ್ದರೆ ಕಲ್ಲುಪ್ಪಿನಲ್ಲಿ ತಿಕ್ಕಿ ಲೋಳೆ ಹೋಗುವ ತನಕ ತೊಳೆದು, ಅರಿಶಿನ ಹಾಕಿದ ನೀರಿನಲ್ಲಿ ಒಂದು ಕುದಿ ಬರಿಸಿ, ಬಿಸಿಯಲ್ಲೇ ಪೊರೆ ಹೆರೆಯಬೇಕು. ಆರಿತೋ, ಪೊರೆ ಮಾಂಸಕ್ಕೆ ಅಂಟಿಕೊಂಡು ಬಿಡುವುದಿಲ್ಲ. ಆಮೇಲೆ ಬುಡದಲ್ಲಿರುವ ಕೊಬ್ಬು, ಗ್ರಂಥಿ ಮತ್ತು ಕುದುರೆ ಲಾಳದ ಆಕಾರದ ಸಣ್ಣ ಮೂಳೆಯನ್ನು ತೆಗೆಯಬೇಕು. "ಎಲುಬಿಲ್ಲದ ನಾಲ್ಗೆ ಅಂತಾರೆ, ನೋಡಿಲ್ಲಿ, ಬುಡದಾಗೆ ಒಂದೈತೆ" ಎಂದು ಅಜ್ಜಿ ಆ ಮೂಳೆಯನ್ನು ನನ್ನ ಅಂಗೈಗೆ ಹಾಕಿ ನಗುತ್ತಿದ್ದಳು. ಮತ್ತೆ ಮಡಕೆಯಲ್ಲಿ ಮೆತ್ತಗೆ ಬೇಯಿಸಿ, ಅಡ್ಡಡ್ಡಲಾಗಿ ಬಿಲ್ಲೆ ಕೊಯ್ದು, ಮೆಣಸು, ಧನಿಯ, ಬೆಳ್ಳುಳ್ಳಿ, ಒಂದು ಚೂರು ಚೆಕ್ಕೆ, ಹುರಿದ ಕೊಬ್ಬರಿ ಇಷ್ಟನ್ನು ಒರಳಿನಲ್ಲಿ ನುಣ್ಣಗೆ ಅರೆದು ಒಗ್ಗರಿಸಿ ಹುರಿಯುವುದು. ಕಾಡಿನ ಪ್ರಾಣಿಯ ಮೈಯಲ್ಲಿ ಕೊಬ್ಬು ಕಡಿಮೆ, ಮಾಂಸ ಬಿಗಿ. ಅದಕ್ಕೇ ಕೊಬ್ಬರಿ ಸ್ವಲ್ಪ ಮುಂದಾಗಿಯೇ ಬೀಳಬೇಕು. ಕೊಬ್ಬರಿಗೆ ನಮ್ಮಲ್ಲಿ ಬರವೇ?

ನಾಲಿಗೆಯ ಅಡಿ ಬೆರಳಾಡಿಸುವ ಅಜ್ಜಿಯ ಪರೀಕ್ಷೆಯನ್ನು ನಾನು ಬಹಳ ಕಾಲ ಹಳ್ಳಿಯ ಒಂದು ನಂಬಿಕೆ ಎಂದುಕೊಂಡಿದ್ದೆ. ಬಿ.ಇಡಿ. ಮುಗಿಸಿ ಶಾಲೆಗೆ ಸೇರಿದ ಮೇಲೆ ತಿಳಿದದ್ದು, ಅವು ಲಾಡಿಹುಳುವಿನ ಮರಿಗಳ ಕೋಶಗಳು ಎಂದು. ಹಸಿಬಿಸಿ ಬೇಯಿಸಿ ತಿಂದರೆ ಆ ಹುಳು ನಮ್ಮ ಕರುಳಿನಲ್ಲಿ ಬೆಳೆಯುತ್ತದೆ. ಅದರ ಮೊಟ್ಟೆಗಳು ಕೊಳಕು ಕೈ, ಕೊಳಕು ನೀರಿನ ಮೂಲಕ ಮತ್ತೆ ಹೊಟ್ಟೆಗೆ ಹೋದರೆ ಮರಿಗಳು ಮಿದುಳಿನ ತನಕ ಹೋಗಿ ಮೂರ್ಛೆ ತರಬಲ್ಲವು. ಹಂದಿಯ ನಾಲಿಗೆಯ ಅಡಿಯ ಈ ಗುಳ್ಳೆಗಳ ಮಾತನ್ನು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಗ್ರೀಸಿನ ಅರಿಸ್ಟಾಟಲ್ ಪ್ರಾಣಿಗಳ ಬಗ್ಗೆ ಬರೆದ ಪುಸ್ತಕದಲ್ಲಿಯೂ ಹೇಳಿದ್ದಾನೆ. ಅಕ್ಷರ ಬಾರದ ನಮ್ಮಜ್ಜಿ ಅದನ್ನು ಅವಳ ಅತ್ತೆಯಿಂದ ಕಲಿತಿದ್ದಳು. ಚರಿತ್ರೆ ಎಂದರೆ ರಾಜರ ಯುದ್ಧ ಎಂದು ಮಕ್ಕಳಿಗೆ ಪಾಠ ಹೇಳುವಾಗಲೆಲ್ಲ ನನಗೆ ಅಜ್ಜಿಯ ಹೆಬ್ಬೆರಳು ನೆನಪಾಗುತ್ತದೆ.

ಹಾಗೆಂದು ರಾಜರು ಅಡುಗೆಯನ್ನು ಬರೆಯಲೇ ಇಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ೧೧೨೬ರಿಂದ ೧೧೩೮ರವರೆಗೆ ಆಳಿದವನು. ಅವನ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಬೇಟೆಗೂ ಊಟಕ್ಕೂ ಬೇರೆ ಬೇರೆ ಭಾಗಗಳೇ ಇವೆ. ಹಂದಿಯ ಮೇಲೆ ಬಟ್ಟೆ ಹೊದಿಸಿ, ಕೂದಲು ಕೈಗೆ ಕಿತ್ತು ಬರುವ ತನಕ ಬಿಸಿನೀರು ಹೊಯ್ಯಬೇಕು, ಇಲ್ಲವೇ ಹುಲ್ಲಿನ ಬೆಂಕಿಯಲ್ಲಿ ಸುಡಬೇಕು ಎಂದು ಅಲ್ಲಿ ಹೇಳಿದೆ. ಓದಿದಾಗ ನನಗೆ ನಮ್ಮ ಹಿತ್ತಿಲನ್ನೇ ಕಂಡಂತಾಯಿತು. ಅದಾಗಿ ಸುಮಾರು ನಾನೂರು ವರ್ಷಕ್ಕೆ, ಹದಿನಾರನೆಯ ಶತಮಾನದಲ್ಲಿ, ಮೂರನೆಯ ಮಂಗರಸ ಕನ್ನಡದಲ್ಲಿಯೇ 'ಸೂಪಶಾಸ್ತ್ರ' ಬರೆದ. ಅವನು ಜೈನ, ಅವನದು ಸಂಪೂರ್ಣ ಸಸ್ಯಾಹಾರ. ಒಂದೇ ನಾಡಿನ ಎರಡು ಅಡುಗೆಮನೆಗಳು ಇವು. ಎರಡರ ಹೊಗೆಯೂ ನಮ್ಮದೇ.

ಬೇಟೆಯ ಮಾಂಸ ಮತ್ತು ನಾಲಿಗೆ ಎಂದರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗಬೇಕಾದವನು ಬೇಡರ ಕಣ್ಣಪ್ಪ. ಶಿವನಿಗೆ ಕೊಡುವ ಮಾಂಸ ರುಚಿಯಾಗಿದೆಯೇ ಎಂದು ತನ್ನ ನಾಲಿಗೆಯಿಂದಲೇ ನೋಡಿ, ಚೆನ್ನಾಗಿರುವ ತುಂಡನ್ನು ಮಾತ್ರ ಎಡೆಯಿಟ್ಟವನು. ೧೯೫೪ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ಈ ಕತೆಯನ್ನು ಚಲನಚಿತ್ರ ಮಾಡಿದರು. ರಾಜಕುಮಾರ್ ಅವರು ನಾಯಕರಾಗಿ ಬಂದದ್ದು ಅದರಲ್ಲಿಯೇ. ನಮ್ಮ ಗುಬ್ಬಿ ವೀರಣ್ಣನವರ ಸಂಸ್ಥೆ ಅದರ ನಿರ್ಮಾಣದಲ್ಲಿತ್ತು. ಊರಿನ ಟೆಂಟಿನಲ್ಲಿ ಆ ಚಿತ್ರ ನೋಡಿ ಬಂದ ಅಜ್ಜಿ ವಾರವೆಲ್ಲ ಅತ್ತಿದ್ದಳೆಂದು ಅಮ್ಮ ಹೇಳುತ್ತಾಳೆ. ಕಣ್ಣು ಕಿತ್ತು ಕೊಟ್ಟದ್ದಕ್ಕಲ್ಲ, ಎಂಜಲು ಮಾಡಿ ಕೊಟ್ಟದ್ದನ್ನು ದೇವರು ತಿಂದನಲ್ಲ ಎಂದು.

ಇನ್ನು ನನ್ನ ತಮ್ಮನ ವಿಷಯಕ್ಕೆ ಬರುತ್ತೇನೆ.

ಅವನು ಹುಟ್ಟಿದ್ದು ೧೯೭೨ರಲ್ಲಿ, ನನಗಿಂತ ಮೂರು ವರ್ಷಕ್ಕೆ ಚಿಕ್ಕವನು. ಗುಂಡುಗುಂಡಾಗಿ, ನಗುನಗುತ್ತಾ ಇದ್ದ ಮಗು. ಎರಡು ವರ್ಷವಾದರೂ ಮಾತು ಬರಲಿಲ್ಲ. "ಗಂಡುಮಕ್ಕಳಿಗೆ ಮಾತು ನಿಧಾನ" ಎಂದರು. ಮೂರಾಯಿತು. ಅಜ್ಜಿ ಬಜೆಬೇರು ತೇಯ್ದು ನಾಲಿಗೆಗೆ ಹಚ್ಚಿದಳು. ನಾಲ್ಕಾಯಿತು. ದೇವರಿಗೆ ಹರಕೆ ಹೊತ್ತರು. ಅವನು "ಬಾ, ಬಾ" ಎಂಬ ಒಂದು ಸದ್ದು ಬಿಟ್ಟರೆ ಮತ್ತೇನೂ ಹೊರಡಿಸುತ್ತಿರಲಿಲ್ಲ. ಅಮ್ಮನನ್ನು ನೋಡಿ ಕೆಲವರು ಆಡಬಾರದ ಮಾತೆಲ್ಲ ಆಡಿದರು. ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದಳು, ಬಾಯಿ ಜೋರು ಮಾಡಿ ಅತ್ತೆಗೆ ಎದುರಾಡಿದಳು, ಅದಕ್ಕೇ ಮಗನಿಗೆ ಬಾಯಿಲ್ಲ ಎಂದು. ಅಜ್ಜಿ ಅಂಥವರನ್ನು ಜಗುಲಿಯಿಂದಲೇ ಓಡಿಸುತ್ತಿದ್ದಳು. ಆದರೆ ಅವಳಿಗೂ ಒಳಗೆ ಸಂಕಟ. ಮಾತು ಬಾರದ ಮಗುವಿಗೆ ನಾಲಿಗೆ ತಿನ್ನಿಸಬೇಕು, ಅದರಲ್ಲೂ ಹಗ್ಗ ಕಾಣದ ಕಾಡುಮೃಗದ ನಾಲಿಗೆ ತಿನ್ನಿಸಿದರೆ ನಾಲಿಗೆಯ ಕಟ್ಟು ಬಿಚ್ಚುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರು.

ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು. ಬೇಟೆಗೆ ಕಟ್ಟಳೆ ಹಾಕುವುದು ಹೊಸದೇನಲ್ಲ. ಮೈಸೂರು ಸಂಸ್ಥಾನದಲ್ಲಿ ೧೯೦೧ರಲ್ಲಿಯೇ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ಒಂದು ರೆಗ್ಯುಲೇಷನ್ ಬಂದಿತ್ತು. ೧೯೬೩ರಲ್ಲಿ ರಾಜ್ಯದ್ದೇ ಒಂದು ಕಾನೂನು ಬಂತು. ಆದರೆ ಎಲ್ಲವನ್ನೂ ಬಿಗಿ ಮಾಡಿದ್ದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅಂದರೆ ನನ್ನ ತಮ್ಮ ಹುಟ್ಟಿದ ವರ್ಷ. ಅಲ್ಲಿಂದ ಈಚೆಗೆ ಹುಲ್ಲೆಯನ್ನು ಹೊಡೆಯುವುದಷ್ಟೇ ಅಲ್ಲ, ಅದರ ಮಾಂಸವನ್ನು ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಹೆಂಗಸರಿಗೆ ಈ ಕಾನೂನು ತಿಳಿದದ್ದು ಪತ್ರಿಕೆಯಿಂದಲ್ಲ. ಅರಳಿಕಟ್ಟೆಗೆ ಬರುತ್ತಿದ್ದ ಮಾಂಸ ಹಿತ್ತಿಲ ಬಾಗಿಲಿಗೆ ಬರತೊಡಗಿತು, ಬೆಳಗಿನಲ್ಲಿ ಬರುತ್ತಿದ್ದದ್ದು ಕತ್ತಲಾದ ಮೇಲೆ ಬರತೊಡಗಿತು. ಹಾಗೆ ತಿಳಿಯಿತು.

೧೯೭೭ರ ಬೇಸಿಗೆ. ಒಂದು ರಾತ್ರಿ ತೋಟದ ಕಾವಲಿನವನು ಹಿತ್ತಿಲಿಗೆ ಬಂದು ಗೋಣಿಚೀಲ ಇಳಿಸಿದ. "ಅಜ್ಜಮ್ಮ, ನೀವು ಹೇಳಿದ್ರಲ್ಲ, ತಕಳಿ. ಹುಲ್ಲೆ" ಎಂದ. ಅಪ್ಪ ಊರಿನಲ್ಲಿರಲಿಲ್ಲ. ಅಜ್ಜಿ ಚಿಮಿಣಿ ದೀಪ ಹಿಡಿದು ನಿಂತಳು, ಅಮ್ಮ ನೀರು ಕಾಯಿಸಿದಳು. ನನ್ನನ್ನು ಒಳಗೆ ಮಲಗು ಎಂದು ಕಳಿಸಿದರೂ ಕಿಂಡಿಯಿಂದ ನೋಡಿದೆ. ಎಂಟು ವರ್ಷದ ಹುಡುಗಿ ನಾನು. ಕಂಡದ್ದು ಸಣ್ಣ ಕಾಲುಗಳು, ತೆರೆದುಕೊಂಡೇ ಇದ್ದ ಒಂದು ಕಣ್ಣು.

ಮಾರನೆಯ ದಿನ ನಾಲಿಗೆ ಹುರಿದು, ರಾಗಿಮುದ್ದೆಯ ಜೊತೆ ತಮ್ಮನಿಗೆ ತಿನ್ನಿಸಿದರು. ನನಗೂ ಒಂದು ಬಿಲ್ಲೆ ಬೇಕೆಂದು ಅತ್ತೆ. "ನಿನಗ್ಯಾಕೆ ಮಗಾ, ನಿನ್ನ ನಾಲ್ಗೆ ಆಗಲೇ ಊರುದ್ದ ಐತೆ" ಎಂದು ಅಜ್ಜಿ ಗದರಿದಳು. ತಮ್ಮ ಎಲ್ಲವನ್ನೂ ತಿಂದು ನಕ್ಕ. ಅಜ್ಜಿ ಅವನ ಎದುರು ಕುಕ್ಕುರುಗಾಲಿನಲ್ಲಿ ಕುಳಿತು, "ಅಜ್ಜಿ ಅನ್ನು, ಅಜ್ಜಿ ಅನ್ನು" ಎಂದು ಸಂಜೆಯ ತನಕ ಬೇಡಿದಳು. ಎರಡು ದಿನದಲ್ಲಿ ಅರಣ್ಯ ಇಲಾಖೆಯವರು ಓಡಾಡುತ್ತಿದ್ದಾರೆಂಬ ಸುದ್ದಿ ಬಂತು. ತಲೆಬುರುಡೆ, ಕೊಂಬು, ಚರ್ಮ ಎಲ್ಲವನ್ನೂ ಅಜ್ಜಿ ಒಂದು ತೆಂಗಿನ ಪಾತಿಯಲ್ಲಿ ಹೂಳಿದಳು. ಊರಿಗೆ ಬಂದ ಅಪ್ಪ ಅವಳ ಮೇಲೆ ಮೊದಲ ಸಲ ಕೂಗಾಡಿದ. "ಜೈಲಿಗೆ ಹೋಗೋಳು ನಾನು, ನೀನ್ಯಾಕೆ ಕೂಗ್ತೀಯ" ಎಂದಳು ಅಜ್ಜಿ. ಯಾರೂ ಜೈಲಿಗೆ ಹೋಗಲಿಲ್ಲ. ತಮ್ಮನಿಗೆ ಮಾತೂ ಬರಲಿಲ್ಲ.

ಮುಂದಿನ ವರ್ಷ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬಂದ ನರ್ಸಮ್ಮ ಒಬ್ಬರು ತಮ್ಮನನ್ನು ಸ್ವಲ್ಪ ಹೊತ್ತು ನೋಡಿ, ಅವನ ಬೆನ್ನ ಹಿಂದೆ ಹೋಗಿ ಒಂದು ಹಿತ್ತಾಳೆಯ ತಟ್ಟೆಯನ್ನು ನೆಲಕ್ಕೆ ಬೀಳಿಸಿದರು. ನಾನು ಬೆಚ್ಚಿಬಿದ್ದೆ. ತೊಟ್ಟಿಲಲ್ಲಿದ್ದ ಪಕ್ಕದ ಮನೆಯ ಕೂಸು ಅತ್ತಿತು. ತಮ್ಮ ತಿರುಗಲಿಲ್ಲ. ಮಣ್ಣಿನಲ್ಲಿ ಗೆರೆ ಎಳೆಯುತ್ತಲೇ ಇದ್ದ. "ನಾಲಿಗೆ ಸರಿಯಾಗಿಯೇ ಇದೆಯಮ್ಮ. ಮಗುವಿಗೆ ಕಿವಿ ಕೇಳುತ್ತಿಲ್ಲ" ಎಂದರು ಅವರು. ಆರು ವರ್ಷ ನಾವೆಲ್ಲ ಅವನ ಬಾಯನ್ನೇ ನೋಡುತ್ತಿದ್ದೆವು. ಕಿವಿಯನ್ನು ನೋಡಿದವರು ಒಬ್ಬರೂ ಇರಲಿಲ್ಲ.

ಅಪ್ಪ ಮೈಸೂರಿಗೆ ಕರೆದುಕೊಂಡು ಹೋದರು. ಅಲ್ಲಿ ೧೯೬೦ರ ದಶಕದಲ್ಲಿಯೇ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಪರೀಕ್ಷೆ ಮಾಡಿ, ಹುಟ್ಟಿನಿಂದಲೇ ಎರಡು ಕಿವಿಯೂ ಹೆಚ್ಚು ಕಡಿಮೆ ಕೇಳಿಸದು ಎಂದರು. ಕಿವಿಗೆ ಯಂತ್ರ ಕೊಟ್ಟರು, ಅಭ್ಯಾಸ ಹೇಳಿದರು. ಆದರೆ ಭಾಷೆ ಮಿದುಳಿಗೆ ಇಳಿಯುವ ಮೊದಲ ವರ್ಷಗಳು ಕಳೆದುಹೋಗಿದ್ದವು. ನಮ್ಮ ಕಡೆಯ ಒಂದು ಶಾಲೆ ಅವನನ್ನು ಸೇರಿಸಿಕೊಳ್ಳಲೇ ಇಲ್ಲ. ಹೆಸರು ಬೇಡ. ನಾನು ಶಿಕ್ಷಕಿಯಾಗಬೇಕೆಂದು ಹಟ ಹಿಡಿದದ್ದಕ್ಕೆ ಆ ಶಾಲೆಯ ಬಾಗಿಲೂ ಒಂದು ಕಾರಣ.

ತಾಯಂದಿರೇ, ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ಈಗ ಹುಟ್ಟಿದ ಮಗುವಿನ ಕಿವಿಯನ್ನು ಕೆಲವೇ ನಿಮಿಷದಲ್ಲಿ ಪರೀಕ್ಷಿಸುವ ಯಂತ್ರಗಳಿವೆ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಅಥವಾ ತರಬೇತಿಯ ಆರಂಭ ಆಗಬೇಕೆಂದು ತಜ್ಞರು ಹೇಳುತ್ತಾರೆ. ಮಗು ಮಾತಾಡುತ್ತಿಲ್ಲವೆಂದರೆ ನಾಲಿಗೆಗೆ ಬಜೆ ಹಚ್ಚುವ ಮೊದಲು ಕಿವಿಯನ್ನು ನೋಡಿಸಿ. ತಡ ಮಾಡಬೇಡಿ.

ಅಜ್ಜಿ ೧೯೮೮ರಲ್ಲಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದಳು. "ಅದಕ್ಕೆ ಮರಿ ಇತ್ತೇನೋ." ಜ್ವರದ ಬಡಬಡಿಕೆ ಎಂದುಕೊಂಡೆವು. ಅಮ್ಮ ಮಾತ್ರ ಸುಮ್ಮನಾಗುತ್ತಿದ್ದಳು.

ಇದು ಪೂರ್ತಿ ಅರ್ಥವಾಗಲು ನನಗೆ ಇನ್ನೂ ಮೂವತ್ತು ವರ್ಷ ಬೇಕಾಯಿತು. ೨೦೧೦ರ ದಶಕದಲ್ಲಿ ಸಂಜಯ್ ಗುಬ್ಬಿ ಮತ್ತು ಅವರ ಸಂಗಡಿಗರು ನಮ್ಮ ಕುರುಚಲು ಕಾಡುಗಳಲ್ಲಿ ಕ್ಯಾಮೆರಾ ಕಟ್ಟಿ, ಬುಕ್ಕಾಪಟ್ಟಣದ ಕಡೆ ಚಿಂಕಾರ ಇರುವುದನ್ನು ತೋರಿಸಿಕೊಟ್ಟರು. ಉತ್ತರ ಕರ್ನಾಟಕದ ಒಣನಾಡಿನಲ್ಲಿ, ಬಾಗಲಕೋಟೆಯ ಯಡಹಳ್ಳಿಯಂಥ ಕಡೆ ಇರುವ ಪ್ರಾಣಿ ಇಷ್ಟು ದಕ್ಷಿಣದಲ್ಲಿಯೂ ಇದೆ ಎಂದು ಎಲ್ಲರಿಗೂ ಆಶ್ಚರ್ಯ. ೨೦೧೯ರಲ್ಲಿ ಸರ್ಕಾರ ಅಲ್ಲಿನ ಸುಮಾರು ೧೩೬ ಚದರ ಕಿಲೋಮೀಟರ್ ಕಾಡನ್ನು ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿ ಧಾಮವೆಂದು ಘೋಷಿಸಿತು. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, "ಇದೇ ಕಣೆ ಅದು" ಎಂದಳು.

ನನಗೆ ನಂಬಿಕೆಯಾಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಹುಲ್ಲೆ ಎಂದರೆ ಕೃಷ್ಣಮೃಗ ಎಂದೇ ಎಲ್ಲರೂ ತಿಳಿಯುತ್ತಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ೨೦೦೭ರಲ್ಲಿ ಆದ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶಕ್ಕೆ ನಾನೇ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. "ಹೇಗೆ ಹೇಳ್ತೀಯಮ್ಮ?" ಎಂದೆ. ಅಮ್ಮ ಹೇಳಿದಳು: "ಹೆಣ್ಣು ಕಣೆ ಅದು. ನಾನೇ ಅಲ್ವಾ ಸುಲಿದೋಳು. ಕೆಚ್ಚಲಲ್ಲಿ ಹಾಲಿತ್ತು. ನಿಮ್ಮಜ್ಜಿ ನೋಡಿ ಕೈಬಿಟ್ಟು ಕೂತ್ಕೊಂಡ್ರು. ಆದ್ರೂ ಕೊಂಬಿತ್ತು. ಗೇಣುದ್ದಾನೂ ಇರಲಿಲ್ಲ, ಕಡ್ಡಿ ಥರ ಸಣ್ಣಗೆ."

ಅಮ್ಮ ಹೇಳಿದ್ದರಲ್ಲಿ ಅವಳಿಗೇ ಗೊತ್ತಿಲ್ಲದ ಒಂದು ಸಾಕ್ಷಿ ಇತ್ತು. ಕೃಷ್ಣಮೃಗದಲ್ಲಿ ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿರುವುದಿಲ್ಲ. ಕೊಂಡಕುರಿಯ ಹೆಣ್ಣಿಗೂ ಇಲ್ಲ. ಚಿಂಕಾರದಲ್ಲಿ ಮಾತ್ರ ಹೆಣ್ಣಿಗೂ ಸಣ್ಣ, ತೆಳುವಾದ ಕೊಂಬು ಇರುತ್ತದೆ. ಕ್ಯಾಮೆರಾ ಬಂದು ನೋಡುವುದಕ್ಕೆ ನಲವತ್ತು ವರ್ಷ ಮೊದಲೇ ಬೋರನಕಣಿವೆಯ ಒಂದು ಹಿತ್ತಿಲಿನಲ್ಲಿ, ಚಿಮಿಣಿ ದೀಪದ ಬೆಳಕಿನಲ್ಲಿ, ಇಬ್ಬರು ಹೆಂಗಸರು ಅದನ್ನು ನೋಡಿದ್ದರು. ನೋಡಿದ್ದನ್ನು ಹೇಳುವ ಹಾಗಿರಲಿಲ್ಲ. ಬಾಯಿಲ್ಲದ ನನ್ನ ಮಗುವಿಗೆ ಮಾತು ಬರಲಿ ಎಂದು ಅವರು ಬೇಯಿಸಿದ್ದು ಬಾಯಿಲ್ಲದ ಇನ್ನೊಂದು ಮರಿಯ ತಾಯಿಯ ನಾಲಿಗೆಯನ್ನು. ಅಮ್ಮ ಇದನ್ನು ಹೇಳಿ ಮುಗಿಸಿದಾಗ ನಾವಿಬ್ಬರೂ ಅತ್ತೆವು.

ಅಜ್ಜಿಯನ್ನು ನಾನು ದೂರುವುದಿಲ್ಲ. ಹಾಗೆಂದು ಅವಳು ಮಾಡಿದ್ದು ಸರಿ ಎಂದೂ ಹೇಳಲಾರೆ. ಅಮೆರಿಕದ ಬಯಲುಗಳಲ್ಲಿ ಒಂದು ಕಾಲಕ್ಕೆ ಕಾಡೆಮ್ಮೆಯಂಥ ಬೈಸನ್ ಕೋಟಿಗಟ್ಟಲೆ ಇತ್ತು. ಅದರ ನಾಲಿಗೆ ಅಲ್ಲಿನ ದೊಡ್ಡ ಊರುಗಳ ಊಟದಲ್ಲಿ ಬೆಲೆಬಾಳುವ ತಿನಿಸು. ಜಾರ್ಜ್ ಕ್ಯಾಟ್ಲಿನ್ ಎಂಬ ಚಿತ್ರಕಾರ ೧೮೩೨ರಲ್ಲಿ ನಡೆದ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಮಿಸ್ಸೌರಿ ನದಿಯ ದಡದ ವ್ಯಾಪಾರದ ಕೋಟೆಗೆ ಬೇಟೆಗಾರರು ಒಂದೇ ದಿನ ೧,೪೦೦ ನಾಲಿಗೆಗಳನ್ನು ತಂದು ಸುರಿದು, ಬದಲಿಗೆ ಕೆಲವು ಗ್ಯಾಲನ್ ವಿಸ್ಕಿ ಪಡೆದರಂತೆ. ಮಾಂಸವನ್ನೂ ಚರ್ಮವನ್ನೂ ಬಯಲಿನಲ್ಲೇ ಬಿಟ್ಟಿದ್ದರು. ಆಮೇಲೆ ಚರ್ಮದ ವ್ಯಾಪಾರವೂ ರೈಲೂ ಬಂದು, ೧೮೮೦ರ ದಶಕ ಮುಗಿಯುವ ಹೊತ್ತಿಗೆ ಕಾಡಿನಲ್ಲಿ ಉಳಿದದ್ದು ಕೆಲವೇ ನೂರು. ಇದನ್ನು ಓದಿದಾಗ, ನಮ್ಮಜ್ಜಿ ಹಾಗಲ್ಲ, ಒಂದು ಎಲುಬನ್ನೂ ದಂಡ ಮಾಡಿದವಳಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಆ ಹುಲ್ಲೆಯನ್ನು ಹೊಡೆದದ್ದೂ ಹೇಳಿಕಳಿಸಿದ ಒಂದು ನಾಲಿಗೆಗಾಗಿಯೇ ಅಲ್ಲವೇ? ಹದಿನಾಲ್ಕು ನೂರು ಎಂದರೆ ಲೆಕ್ಕ, ಒಂದು ಎಂದರೆ ಲೆಕ್ಕವಲ್ಲ ಎನ್ನುವ ಹಾಗಿಲ್ಲ. ಎಣಿಕೆಯಲ್ಲಿ ಕೆಲವೇ ಉಳಿದ ಜೀವಕ್ಕೆ ಒಂದು ಎಂಬುದೂ ದೊಡ್ಡ ಲೆಕ್ಕ.

ಈಗಲೂ ಬೇಟೆ ಪೂರ್ತಿ ನಿಂತಿಲ್ಲ. ಬೆಳೆ ತಿನ್ನುವ ಹಂದಿಗೆಂದು ಕೆಲವರು ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡುತ್ತಾರೆ. ಅದನ್ನು ಕಚ್ಚಿ ಮೇಯಲು ಹೋದ ಹಸುವಿನ ಬಾಯಿ ಸಿಡಿದ ಸುದ್ದಿಯನ್ನು ನೀವೂ ಓದಿರುತ್ತೀರಿ. ೨೦೨೦ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಒಂದು ಗರ್ಭಿಣಿ ಆನೆ ಇಂಥದೇ ಸಿಡಿತದಿಂದ ಬಾಯಿ ಒಡೆದು, ಏನನ್ನೂ ತಿನ್ನಲಾಗದೆ ಹೊಳೆಯ ನೀರಿನಲ್ಲಿ ನಿಂತೇ ಸತ್ತಿತು. ಹಂದಿಯಿಂದ ರಾಗಿ, ಕಡಲೆಕಾಯಿ ಕಳೆದುಕೊಳ್ಳುವ ರೈತನ ಕಷ್ಟ ನನಗೆ ಗೊತ್ತು, ನಾನೂ ತೋಟದ ಮನೆಯವಳು. ಪರಿಹಾರಕ್ಕೆ ಅರ್ಜಿ ಹಿಡಿದು ಅಲೆಯುವುದೂ ಗೊತ್ತು. ಆದರೆ ಬಾಯಿ ಸಿಡಿಸುವುದು ಯಾವ ಲೆಕ್ಕದಲ್ಲಿಯೂ ಬೇಸಾಯವಲ್ಲ. ಚಿಂಕಾರ, ಕೃಷ್ಣಮೃಗಗಳನ್ನು ಕೊಂದವರಿಗೆ ಇವತ್ತು ಮೂರರಿಂದ ಏಳು ವರ್ಷದ ಸೆರೆ ಇದೆ. ಇದನ್ನು ನಾನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಹೇಳುವಾಗ ನನ್ನ ನಾಲಿಗೆ ಒಂದು ಕ್ಷಣ ತಡವರಿಸುತ್ತದೆ. ಮಕ್ಕಳಿಗೆ ಕಾರಣ ಗೊತ್ತಿಲ್ಲ.

ಗ್ರೀಸಿನ ಈಸೋಪನ ಬಗ್ಗೆ ಒಂದು ಕತೆ ಇದೆ. ಒಡೆಯ ಅವನಿಗೆ ಸಂತೆಯಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ತಾ ಎಂದರೆ ನಾಲಿಗೆ ತಂದನಂತೆ. ಎಲ್ಲಕ್ಕಿಂತ ಕೆಟ್ಟದ್ದನ್ನು ತಾ ಎಂದರೂ ನಾಲಿಗೆಯನ್ನೇ ತಂದನಂತೆ. ಕತೆ ಹೇಳಿದಾಗ ಮಕ್ಕಳು ನಗುತ್ತಾರೆ. ನನ್ನಮ್ಮನನ್ನು ಚುಚ್ಚಿದ ನಾಲಿಗೆಗಳು, "ಕಿವಿ ಕೇಳುತ್ತಿಲ್ಲ" ಎಂದು ದಾರಿ ತೋರಿಸಿದ ನಾಲಿಗೆ, ಎರಡೂ ಒಂದೇ ಊರಿನಲ್ಲಿ ಆಡಿದವು.

ತಮ್ಮನ ಬಗ್ಗೆ ಹೇಳದೆ ಮುಗಿಸಬಾರದು. ಅವನು ಈಗ ತಿಪಟೂರಿನಲ್ಲಿ ಕೊಬ್ಬರಿ ಮಂಡಿಯೊಂದರಲ್ಲಿ ಕೆಲಸ ಮಾಡುತ್ತಾನೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ನಿಮಗೆ ಗೊತ್ತಿರಬಹುದು. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ವರ್ಷದವರೆಗೂ ಒಣಗಲು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಎಲ್ಲರೂ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಗಡಗಡ ಸದ್ದು ಕೇಳಿ ಕೊಬ್ಬರಿಯಾಯಿತು ಎನ್ನುತ್ತಾರೆ. ತಮ್ಮ ಕಿವಿಗೆ ಹಿಡಿಯುವುದಿಲ್ಲ. ಅಂಗೈಯಲ್ಲಿಟ್ಟು ಒಂದು ಸಲ ಅಲುಗಿಸುತ್ತಾನೆ. ಕೈಯೇ ಅವನಿಗೆ ಹೇಳುತ್ತದೆ. ಅವನು ಆರಿಸಿದ ಕಾಯಿ ಒಡೆದರೆ ಹಸಿ ಬಂದದ್ದಿಲ್ಲ ಎಂದು ಮಂಡಿಯವರೇ ಹೇಳುತ್ತಾರೆ. ಅವನ ಮಗಳು ಪಟಪಟ ಮಾತಾಡುತ್ತಾಳೆ, ಅಪ್ಪನ ಜೊತೆ ಕೈಯಲ್ಲಿಯೂ ಅಷ್ಟೇ ಪಟಪಟ ಮಾತಾಡುತ್ತಾಳೆ.

ಆ ಹೊಸತೊಡಕಿಗೆ ಅವನೂ ಬಂದಿದ್ದ. ಸೊಸೆ ಹೆದರುತ್ತಲೇ ಹುರಿದ ಮೇಕೆಯ ನಾಲಿಗೆಯನ್ನು ತಟ್ಟೆಗೆ ಹಾಕಿದಳು. ತಮ್ಮ ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದ. ತೋರುಬೆರಳಿನಿಂದ ತನ್ನ ನಾಲಿಗೆಯನ್ನು ಮುಟ್ಟಿ, ಆಮೇಲೆ ಎರಡು ಬೆರಳುಗಳನ್ನು ತಲೆಯ ಮೇಲೆ ಸಣ್ಣ ಕೊಂಬಿನಂತೆ ಹಿಡಿದು, ಕೈ ಬೀಸಿ 'ಬೇಡ' ಎಂದ. ಅವನಿಗೆ ಆಗ ಐದು ವರ್ಷ. ಅವನಿಗೆ ನೆನಪಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಯಾರೂ ಅವನನ್ನು ಕೇಳಿರಲೇ ಇಲ್ಲ.

ಅಮ್ಮ ಎದ್ದು ಹೋಗಿ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.